ಅಡುಗೆಮನೆಯ ಕಿಟಕಿ

ವೆಂಕಟೇಶನಿಗೆ ಎಚ್ಚರವಾದದ್ದು ವರಲಕ್ಷ್ಮಿಯ ನಗುವಿನಿಂದ. ಕೆಳಗಿನ ಹಜಾರದಿಂದ ಮರದ ಮೆಟ್ಟಿಲು ಹತ್ತಿ ಬರುತ್ತಿದ್ದ ಆ ನಗು ಯಾವ ತಮಾಷೆಗೂ ಹುಟ್ಟಿದ್ದಲ್ಲ ಎಂಬುದು ಇಲ್ಲಿಗೆ ಬಂದ ದಿನವೇ ಅವನಿಗೆ ಗೊತ್ತಾಗಿತ್ತು. ಮುರಳೀಧರ ಏನಾದರೊಂದು ಎಡವಟ್ಟು ಮಾಡಿದಾಗಲೆಲ್ಲ ಅವನ ಹೆಂಡತಿ ಹೀಗೆ ನಗುತ್ತಿದ್ದಳು. ಚೆಲ್ಲಿದ್ದರ ಮೇಲೆ ಬೇರೆಯವರ ಕಣ್ಣು ಬೀಳುವ ಮೊದಲೇ ಬಟ್ಟೆ ಹಾಸಿ ಮುಚ್ಚುವ ಹಾಗೆ. "ಅದು ನನ್ನ ಸ್ವೆಟರ್ರು ಕಣ್ರೀ, ನಿಮ್ಮದು ಇಲ್ಲಿದೆ, ಕೈ ಎತ್ತಿ," ಎನ್ನುತ್ತಿದ್ದಳು ಈಗ. ಪಕ್ಕದಲ್ಲಿ ನಳಿನಿ ಇನ್ನೂ ಮಲಗಿದ್ದಳು. ವೆಂಕಟೇಶ ರಜಾಯಿಯನ್ನು ಗಲ್ಲದ ತನಕ ಎಳೆದುಕೊಂಡು, ಕೆಳಗೆ ಮುಂದೇನಾಗುತ್ತದೆಂದು ಕಿವಿಗೊಟ್ಟ. ಹಾಗೆ ಕಿವಿಗೊಟ್ಟಿದ್ದೇನೆಂದು ತಿಳಿದಾಗ ನಾಚಿಕೆಯಾಯಿತು. ನಾಚಿಕೆ ಹೊಸದಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ರಾಲಿಯಿಂದ ವರಲಕ್ಷ್ಮಿ ಫೋನ್ ಮಾಡಿದ್ದಳು. "ಇವರಿಗೆ ಮರೆವು ಜಾಸ್ತಿಯಾಗಿದೆ. ಪ್ರಾಕ್ಟೀಸು ನಿಲ್ಲಿಸಿಬಿಟ್ರು. ರಿಟೈರ್ ಆದ್ರು ಅಂತ ಎಲ್ಲರ ಹತ್ರ ಹೇಳ್ತಿದೀನಿ, ನಿಮ್ಮ ಹತ್ರ ಸುಳ್ಳು ಹೇಳೋಕಾಗಲ್ಲ," ಎಂದು ಹೇಳಿ, ಕ್ರಿಸ್‌ಮಸ್ ರಜಕ್ಕೆ ಯಾವತ್ತಿನ ಹಾಗೆ ಉತ್ತರದ ನಮ್ಮ ಬೆಟ್ಟದ ಮನೆಗೆ ಬನ್ನಿ, ನೀವಿದ್ದರೆ ಅವರಿಗೆ ಹಳೆಯದೆಲ್ಲ ನೆನಪಾಗಬಹುದು ಎಂದಿದ್ದಳು. ಫೇರ್‌ಫ್ಯಾಕ್ಸಿನ ಮನೆಯ ಅಡುಗೆಮನೆಯಲ್ಲಿ ಫೋನಿಟ್ಟು, ಕಸದ ಡಬ್ಬವನ್ನು ರಸ್ತೆಯಂಚಿಗೆ ತಳ್ಳಿಕೊಂಡು ಹೋಗುವಾಗ, ತಾನು ಯಾವುದೋ ಹಾಡು ಗುನುಗುತ್ತಿರುವುದು ವೆಂಕಟೇಶನ ಗಮನಕ್ಕೆ ಬಂತು. ಡಬ್ಬದ ಹಿಡಿ ಬಿಟ್ಟು ಅಲ್ಲೇ ನಿಂತಿದ್ದ. ಎದುರುಮನೆಯವರು ಕೈಬೀಸಿದ್ದರು. ಅವನೂ ಬೀಸಿದ್ದ.

ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿ, ಕೆನಡಾ ಗಡಿಗೆ ಹತ್ತಿರದ ಬೆಟ್ಟಗಳ ನಡುವೆ ಮುರಳಿ ಈ ಮನೆ ಕೊಂಡು ಹತ್ತು ವರ್ಷಗಳಾಗಿದ್ದವು. ದಿಮ್ಮಿಗಳಿಂದ ಕಟ್ಟಿದ ದೊಡ್ಡ ಮನೆ. ಮುಂದೆ ಕೆರೆ, ಹಿಂದೆ ಕಾಡು, ಆಚೀಚೆ ಯಾರೂ ಇಲ್ಲ. ಡಾಂಬರು ರಸ್ತೆಯಿಂದ ಮನೆಯ ತನಕ ಒಂದು ಮಣ್ಣುದಾರಿ, ಹಿಮ ಬಿದ್ದಾಗ ಅದನ್ನು ಊರಿನವನೊಬ್ಬ ಟ್ರಕ್ಕಿನಲ್ಲಿ ಬಂದು ತೆರವು ಮಾಡಿ ಹೋಗುತ್ತಿದ್ದ. "ಇಲ್ಲಿಗೆ ದೇವರೂ ಅಪಾಯಿಂಟ್‌ಮೆಂಟ್ ತಗೊಂಡೇ ಬರಬೇಕು" ಎಂದು ಮುರಳಿ ಪ್ರತಿವರ್ಷ ಹೇಳುತ್ತಿದ್ದ, ಪ್ರತಿವರ್ಷ ವೆಂಕಟೇಶ ನಗುತ್ತಿದ್ದ. ರಾಲಿಯಲ್ಲಿ ಹೆಸರಾಂತ ಹೃದಯದ ಡಾಕ್ಟರಾಗಿದ್ದವನು, ದಾರಿಯಲ್ಲಿ ಫೇರ್‌ಫ್ಯಾಕ್ಸಿನಲ್ಲಿ ನಿಂತು ಇವರನ್ನೂ ಹೊರಡಿಸಿಕೊಂಡು, ಎರಡು ಕಾರುಗಳ ಮೆರವಣಿಗೆಯಲ್ಲಿ ತಾನು ಮುಂದೆ ಹೋಗುತ್ತಿದ್ದ. ಈ ಸಲವೂ ಮುರಳಿಯ ಕಾರೇ ಮುಂದಿತ್ತು. ಆದರೆ ಸ್ಟಿಯರಿಂಗ್ ಹಿಂದೆ ವರಲಕ್ಷ್ಮಿಯಿದ್ದಳು. ಪೆನ್ಸಿಲ್ವೇನಿಯಾದ ಉದ್ದಕ್ಕೂ ವೆಂಕಟೇಶ ಹಿಂದಿನ ಕಾರಿನಿಂದ ಗೆಳೆಯನ ತಲೆಯನ್ನೇ ನೋಡುತ್ತಿದ್ದ. ಅದು ಕಿಟಕಿಯ ಕಡೆಗೂ ಹೆಂಡತಿಯ ಕಡೆಗೂ ಮಗುವಿನ ತಲೆಯಂತೆ ತಿರುಗುತ್ತಿತ್ತು. ವೆಂಕಟೇಶ ಮೊದಲ ಸಲ ಅಮೆರಿಕಕ್ಕೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದವನೂ ಮುರಳಿಯೇ. ತನ್ನ ಹಳೆಯ ಓವರ್‌ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದಿದ್ದ. "ಹಾಕ್ಕೋ, ಚಳಿ ಇದೆ" ಎಂದಿದ್ದ, ಅಷ್ಟೆ. ತೋಳು ಉದ್ದವಾಗಿತ್ತು. ಎರಡು ಚಳಿಗಾಲ ವೆಂಕಟೇಶ ಅದನ್ನೇ ಹಾಕಿಕೊಂಡು ಲ್ಯಾಬಿಗೆ ಹೋಗಿದ್ದ, ಬೆರಳುಗಳು ಕಾಣದಂತೆ. ಮುರಳಿ ಯಾವತ್ತೂ ಆ ಕೋಟಿನ ಮಾತೆತ್ತಲಿಲ್ಲ. ಮುರಳಿ ಯಾವತ್ತೂ ಯಾವುದರ ಮಾತನ್ನೂ ಎತ್ತಲಿಲ್ಲ. ಅದೇ ತೊಂದರೆ. ಕೊಟ್ಟದ್ದನ್ನು ಆಡಿ ತೋರಿಸುವವನಾಗಿದ್ದರೆ ಎಂದೋ ಜಗಳವಾಡಿ ಹಗುರಾಗಬಹುದಿತ್ತು.

ವೆಂಕಟೇಶ ಮುಖ ತೊಳೆದು ಕೆಳಗಿಳಿದಾಗ ಮುರಳಿ ದೊಡ್ಡ ಗಾಜಿನ ಗೋಡೆಯ ಮುಂದೆ ಕೈಕಟ್ಟಿ ನಿಂತಿದ್ದ. ನೀಟಾಗಿ ಶೇವ್ ಮಾಡಿದ ಮುಖ, ಬಾಚಿದ ಬಿಳಿ ಕೂದಲು. ಇವನಿಗೇನಾಗಿದೆ ಎಂದು ನೋಡಿದವರು ಕೇಳಬೇಕು. ಹೊರಗೆ ಕೆರೆಯೆಲ್ಲಿ ಮುಗಿದು ದಡವೆಲ್ಲಿ ಶುರುವಾಗುತ್ತದೆಂದು ತಿಳಿಯದ ಹಾಗೆ ಹಿಮ ಎಲ್ಲವನ್ನೂ ಒಂದೇ ಮಾಡಿತ್ತು. ಪೈನ್ ಮರಗಳ ರೆಂಬೆಗಳು ಭಾರಕ್ಕೆ ಬಾಗಿ ನಿಂತಿದ್ದವು. ಆ ಬಿಳುಪನ್ನು ನೋಡಿದಾಗಲೆಲ್ಲ ವೆಂಕಟೇಶನಿಗೆ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗದೆ ಒಂದು ಬಗೆಯ ತಲೆತಿರುಗು ಬರುತ್ತಿತ್ತು.

"ಮನೆ ಚೆನ್ನಾಗಿದೆ," ಎಂದ ಮುರಳಿ ಇಂಗ್ಲಿಷಿನಲ್ಲಿ, ಪಾರ್ಟಿಯಲ್ಲಿ ಅಪರಿಚಿತರೊಡನೆ ಮಾತಾಡುವ ಮರ್ಯಾದೆಯಿಂದ. "ಯಾರದ್ದು?"

"ನಿಂದೇ ಕಣೋ."

ಮುರಳಿ ಅವನನ್ನೇ ನೋಡಿ, ತನ್ನನ್ನು ಪರೀಕ್ಷಿಸುತ್ತಿದ್ದಾರೆಂಬ ಅನುಮಾನ ಬಂದವನಂತೆ ನಕ್ಕ. "ಗೊತ್ತು, ಗೊತ್ತು," ಎಂದ. ಅಡುಗೆಮನೆಯಿಂದ ವರಲಕ್ಷ್ಮಿಯ ನಗು ಬಂತು. "ಬೆಳಿಗ್ಗೆಯಿಂದ ಇದೇ ತಮಾಷೆ, ನೋಡಿ ವೆಂಕಟೇಶ್." ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟಳು. ಅವಳ ಕಣ್ಣಿನ ಕೆಳಗೆ ಚರ್ಮ ಕಪ್ಪಾಗಿ ಜೋಲುಬಿದ್ದಿತ್ತು. ಕುಂಕುಮ ಒಂದಿಷ್ಟು ಸೊಟ್ಟಗಿತ್ತು. ಸದಾ ಸೀರೆಯ ನೆರಿಗೆ ತಿದ್ದುತ್ತಿದ್ದ ಹೆಂಗಸು ಇವತ್ತು ಗಂಡನ ಟ್ರ್ಯಾಕ್ ಪ್ಯಾಂಟನ್ನೇ ಹಾಕಿಕೊಂಡಿದ್ದಳು. ಎರಡು ವರ್ಷದಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲವಂತೆ; ಇದನ್ನು ಅವಳು ನಳಿನಿಗೆ ಹೇಳಿದ್ದಳು, ಅದೂ ನಗುತ್ತಲೇ.

ಮಧ್ಯಾಹ್ನ ಊಟಕ್ಕೆ ಮೊದಲು ಸ್ವಲ್ಪ ನಡೆದು ಬರುತ್ತೇನೆಂದು ವೆಂಕಟೇಶ ಬೂಟು ಕಟ್ಟಿಕೊಂಡು ಮಣ್ಣುದಾರಿಯ ತುದಿಯ ತನಕ ಹೋದ. ಗಾಳಿಯಿರಲಿಲ್ಲ. ತನ್ನ ಬೂಟಿನ ಸದ್ದು ನಿಂತರೆ ಲೋಕವೇ ನಿಂತಂತಾಗುತ್ತಿತ್ತು. ಇಲ್ಲಿಗೆ ಬಂದಾಗಿನಿಂದ ಅವನೊಳಗೊಂದು ಲೆಕ್ಕಾಚಾರ ತನ್ನಷ್ಟಕ್ಕೆ ನಡೆದಿತ್ತು: ಮುರಳಿಗೆ ಯಾವುದು ಮರೆತಿದೆ, ಯಾವುದು ನೆನಪಿದೆ. ತನ್ನ ಮಗನಿರುವ ಊರು ಮರೆತಿದೆ. ತಾನು ಡಾಕ್ಟರೆಂಬುದು ಅರ್ಧ ನೆನಪಿದೆ. ಹೀಗೇ ಅಳಿಸುತ್ತಾ ಹೋದರೆ ಒಂದು ದಿನ ಆ ಇನ್ನೊಂದೂ ಅಳಿಸಿಹೋಗುತ್ತದೆ. ಭೂಮಿಯ ಮೇಲೆ ಅದನ್ನು ಬಲ್ಲವನು ಮುರಳಿಯೊಬ್ಬನೇ. ಮೈಸೂರಿನ ಲಕ್ಷ್ಮೀಪುರಂನಲ್ಲಿದ್ದ ಮುರಳಿಯ ಮನೆಯ ಹಿತ್ತಲ ಬಾಗಿಲು ಅರ್ಧ ತೆರೆದಿರುತ್ತಿತ್ತು. ಒಳಗೆ ದೇವರ ಮಂದಾಸನದ ಹತ್ತಿರ ಎಲೆ. ಮುರಳಿಯ ತಾಯಿ ಬಡಿಸುವಾಗ ಸೌಟು ಪಾತ್ರೆಯ ಅಂಚಿಗೆ ತಗಲುವ ಸದ್ದನ್ನು ಕೇಳಿಯೇ ಎಷ್ಟು ಮಿಕ್ಕಿದೆ ಎಂದು ಹೇಳಬಹುದಿತ್ತು. ಸೋಮವಾರ ಒಂಟಿಕೊಪ್ಪಲಿನ ಮೇಷ್ಟರ ಮನೆ, ಮಂಗಳವಾರ ಅಗ್ರಹಾರ, ಗುರುವಾರ ಮುರಳಿಯ ಮನೆ. ವಾರಾನ್ನದ ಹುಡುಗ. ಒಂದೇ ಕ್ಲಾಸಿನವರು ಇಬ್ಬರೂ. ತಾನು ಉಣ್ಣುವಾಗ ಮುರಳಿ ಹಜಾರದಲ್ಲಿ ಪುಸ್ತಕ ಹಿಡಿದು, ಇತ್ತ ನೋಡದೆ, ಜೋರಾಗಿ ಓದುತ್ತಿದ್ದ. ನೋಡುತ್ತಿರಲಿಲ್ಲ ಎಂಬುದೇ ಎಲೆಯ ಮೇಲೆ ಬಿದ್ದ ಇನ್ನೊಂದು ತುತ್ತು. ನಳಿನಿಯ ತಂದೆ ಚೀಫ್ ಎಂಜಿನಿಯರ್. ಮದುವೆಯ ಮಾತುಕತೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದೆ ಎಂದಿದ್ದ. ಪಕ್ಕದಲ್ಲೇ ಕೂತಿದ್ದ ಮುರಳಿ ತಲೆಯಾಡಿಸಿದ್ದ. ಅಂದಿನಿಂದ ಈ ಇಪ್ಪತ್ತಾರು ವರ್ಷ ಮುರಳಿ ಪ್ರತಿ ಸಲ ಬಾಯಿ ತೆರೆದಾಗಲೂ, ಇವತ್ತು ಹೇಳಿಬಿಡುತ್ತಾನೇನೋ ಎಂದು ವೆಂಕಟೇಶ ಅವನ ತುಟಿಗಳನ್ನೇ ನೋಡುತ್ತಿದ್ದ.

ವಾಪಸು ಬಂದು ಬೂಟು ಕಳಚಿ, ಕೆಂಪಾದ ಕೈಗಳನ್ನುಜ್ಜುತ್ತ ಊಟದ ಮನೆಗೆ ಬಂದಾಗ ಎಲ್ಲರೂ ಆಗಲೇ ಕೂತಿದ್ದರು. ಕಾಲೇಜಿನ ರಜಕ್ಕೆ ಬಂದಿದ್ದ ವೆಂಕಟೇಶನ ಮಗಳು ಅಮೂಲ್ಯಾ ಹುಳಿಯಲ್ಲಿನ ತರಕಾರಿಯನ್ನು ಚಮಚದಿಂದ ಬದಿಗೆ ಸರಿಸುತ್ತಿದ್ದಳು. ನಳಿನಿ ಹಪ್ಪಳ ಮುರಿಯುತ್ತಿದ್ದಳು. ಮೇಜಿನ ತಲೆಯಲ್ಲಿ ಮುರಳಿ. ವೆಂಕಟೇಶ ಖಾಲಿಯಿದ್ದ ಕುರ್ಚಿಯ ಬೆನ್ನು ಹಿಡಿದು ಎಳೆದ. ಮುರಳಿ ತಲೆಯೆತ್ತಿದ. ಬೆಳಿಗ್ಗೆಯಿಂದ ಮಬ್ಬಾಗಿದ್ದ ಕಣ್ಣುಗಳಲ್ಲಿ ಇದ್ದಕ್ಕಿದ್ದ ಹಾಗೆ ಗುರುತು ಬೆಳಗಿತು.

"ವೆಂಕಟೇಶ," ಎಂದ ಮೆಲ್ಲಗೆ, ಅಪ್ಪಟ ಮೈಸೂರು ಕನ್ನಡದಲ್ಲಿ. "ಇವತ್ತು ಗುರುವಾರ ಅಲ್ಲವಲ್ಲೋ."

ವೆಂಕಟೇಶನ ಕೈ ಕುರ್ಚಿಯ ಬೆನ್ನಿನ ಮೇಲೇ ಇತ್ತು.

"ಇವತ್ತಿನ ಮನೆಯವರು ಇಲ್ಲ ಅಂದ್ರಾ? ಪರವಾಗಿಲ್ಲ. ಹಿತ್ತಲ ಕಡೆಯಿಂದ ಬಾ, ಅಪ್ಪ ಹಜಾರದಲ್ಲಿದಾರೆ." ಅಡುಗೆಮನೆಯ ಕಡೆ ತಿರುಗಿ ಕೂಗಿದ. "ಅಮ್ಮಾ, ವೆಂಕಟೇಶ ಬಂದಿದಾನೆ. ಏನಾದ್ರೂ ಮಿಕ್ಕಿದೆಯಾ?"

ಆ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಹದಿನಾಲ್ಕರ ಹುಡುಗನೊಬ್ಬ ಇನ್ನೊಬ್ಬ ಹುಡುಗನ ಹಸಿವಿಗಾಗಿ ತಾಯಿಯನ್ನು ಕೇಳುತ್ತಿದ್ದ. ಕುಹಕವಿದ್ದಿದ್ದರೆ ವೆಂಕಟೇಶ ತಾಳಿಕೊಳ್ಳುತ್ತಿದ್ದ.

"ವಾಟ್ಸ್ ಹಿ ಸೇಯಿಂಗ್, ಅಪ್ಪಾ?" ಎಂದಳು ಅಮೂಲ್ಯಾ. "ವೈ ಥರ್ಸ್‌ಡೇ?"

"ಏನಿಲ್ಲ. ನಾವು ಗುರುವಾರ ಟೆನ್ನಿಸ್ ಆಡ್ತಿದ್ವಿ."

"ಟೆನ್ನಿಸ್ಸಾ?" ಮುರಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನಿನಗೆ ಕಾಲಿಗೆ ಚಪ್ಪಲೀನೇ ಇರಲಿಲ್ಲವಲ್ಲೋ."

ಮೊದಲು ನಕ್ಕವಳು ವರಲಕ್ಷ್ಮಿ, ಅಭ್ಯಾಸಬಲದಿಂದ. ಏನೆಂದು ತಿಳಿಯದೆ ಅಮೂಲ್ಯಾ ನಕ್ಕಳು. ವೆಂಕಟೇಶನೂ ನಕ್ಕ. ನಳಿನಿ ಮಾತ್ರ ನಗಲಿಲ್ಲ. ಮುರಿದ ಹಪ್ಪಳವನ್ನು ಕೈಯಲ್ಲಿ ಹಿಡಿದು ಗಂಡನನ್ನು ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದೂ ಕಾಣದ್ದೇನನ್ನೋ ಅವನ ಮುಖದಲ್ಲಿ ಅವಳು ಓದುತ್ತಿದ್ದಳು, ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ಅವಳು ಕಣ್ಣು ತಗ್ಗಿಸಿದಳು. ಹಾಗೆ ಕಣ್ಣು ತಗ್ಗಿಸಿ ಇನ್ನೊಂದು ಸೌಟು ಅನ್ನವನ್ನು ಅವನ ತಟ್ಟೆಗೆ ಹಾಕಿದಳು, ಕೇಳದೆಯೇ. ವೆಂಕಟೇಶ ಅದನ್ನು ಕಲಸಿ ಉಂಡ. ಪ್ರತಿ ತುತ್ತನ್ನೂ ಎಲ್ಲರೂ ಎಣಿಸುತ್ತಿದ್ದಾರೆ ಅನ್ನಿಸಿತು. ತಟ್ಟೆಯಲ್ಲಿ ಒಂದಗುಳೂ ಬಿಡದೆ ಬಳಿದದ್ದು ತಾನೇ ಎಂದು ಕೊನೆಯಲ್ಲಿ ಕಂಡು, ಬೆರಳುಗಳನ್ನು ಮಡಿಚಿ ಮುಚ್ಚಿಕೊಂಡ.

ಊಟ ಮುಗಿಯಿತು. ಅಮೂಲ್ಯಾ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ತನ್ನ ರೂಮು ಸೇರಿದಳು. ನಳಿನಿ ಪಾತ್ರೆಗಳನ್ನು ಡಿಶ್‌ವಾಷರಿಗೆ ಹಾಕಿ ಮೇಲೆ ಹೋದಳು. ಮುರಳಿ ಬೆಂಕಿಗೂಡಿನ ಪಕ್ಕದ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ. ವರಲಕ್ಷ್ಮಿ ಅವನ ಕಾಲಿನ ಮೇಲೆ ಶಾಲು ಹೊದಿಸಿ, ವೆಂಕಟೇಶನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಒಂದು ಸ್ವಲ್ಪ ಹೊತ್ತು ಇವರ ಮೇಲೆ ಕಣ್ಣಿಡ್ತೀರಾ? ಬೆನ್ನು ನಿಲ್ತಾ ಇಲ್ಲ ನಂಗೆ, ಮೇಲೆ ಹೋಗಿ ಮಲಗ್ತೀನಿ. ಎದ್ದು ಓಡಾಡಿದ್ರೆ ಬಾಗಿಲು ಮಾತ್ರ ನೋಡ್ಕೊಳ್ಳಿ," ಎಂದಳು. ಆಮೇಲೆ, "ಊಟದಲ್ಲಿ ಅವರಾಡಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಏನೇನೋ ಬಡಬಡಿಸ್ತಾರೆ," ಎಂದೂ ಸೇರಿಸಿದಳು. ಅಂದರೆ ಅವಳಿಗೆ ಅರ್ಥವಾಗಿತ್ತು. ಅಥವಾ ಅವಳಿಗೆ ಎಂದೋ ಗೊತ್ತಿತ್ತು. ಗಂಡ ಹೆಂಡತಿಗೆ ಹೇಳದೇ ಇರುತ್ತಾನೆಯೇ. ಮೂವತ್ತು ವರ್ಷ ಇವಳ ಮನೆಯಲ್ಲಿ ಟೈ ಕಟ್ಟಿಕೊಂಡು ಕೂತು ಊಟಮಾಡಿದ್ದನ್ನು ನೆನೆದು ವೆಂಕಟೇಶನ ಕಿವಿಗಳು ಬಿಸಿಯಾದವು. "ಛೆ ಛೆ, ಏನಿಲ್ಲ. ನೀವು ಮಲಗಿ," ಎಂದ.

ಅಡುಗೆಮನೆಗೆ ಹೋಗಿ, ಮಬ್ಬು ಕವಿದಿದ್ದರಿಂದ ದೀಪ ಹಾಕಿ, ಹಾಲು ಬಿಸಿಗಿಟ್ಟ. ವರಲಕ್ಷ್ಮಿ ರಾಲಿಯಿಂದ ಸ್ಟೀಲಿನ ಫಿಲ್ಟರನ್ನೇ ತಂದಿದ್ದಳು. ಡಿಕಾಕ್ಷನ್ ಬಗ್ಗಿಸಿ, ಸಕ್ಕರೆ ಕದಡಿ, ಲೋಟವನ್ನೆತ್ತುವಾಗ ಪಕ್ಕದ ಬಾಗಿಲಿನ ಚಿಲಕ ಸದ್ದಾಯಿತು. ಕಿಟಕಿಯಲ್ಲಿ ಮುರಳಿ ಕಂಡ. ಸ್ವೆಟರು, ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ, ಬರಿಗೈ. ಹಿಮದ ಮೇಲೆ ಒಂದು ಹೆಜ್ಜೆಯಿಟ್ಟು, ಅದು ಹೂತದ್ದನ್ನು ಬಗ್ಗಿ ಪರೀಕ್ಷಿಸಿ, ಇನ್ನೊಂದು ಹೆಜ್ಜೆಯಿಟ್ಟ. ಕೆರೆಯ ಕಡೆಗೆ ಇಳಿಜಾರು.

ಕರೆಯಬೇಕು ಎಂದುಕೊಂಡ ವೆಂಕಟೇಶ. ಬಾಗಿಲು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವನದೇ ಮನೆ, ಪ್ರತಿವರ್ಷ ಓಡಾಡಿದ ಜಾಗ, ನಾಲ್ಕು ಹೆಜ್ಜೆ ಹಾಕಿ ಚಳಿಗೆ ತಾನೇ ಬರುತ್ತಾನೆ. ದೊಡ್ಡ ಮನುಷ್ಯನನ್ನು ಮಗುವಿನಂತೆ ಕೈಹಿಡಿದು ತರುವುದು ಅವಮಾನವಲ್ಲವೇ. ಈ ಯೋಚನೆಗೆ ಒಂದು ಸಭ್ಯತೆಯಿತ್ತು. ಅದರ ಹಿಂದೆಯೇ ಸಭ್ಯತೆಯಿಲ್ಲದ್ದು ಬಂತು: ಅವನ ಹಿಂದೆ ಓಡುವವನು ಯಾವಾಗಲೂ ನಾನೇ ಏಕೆ. ಮುರಳಿಗೆ ಬಸ್ಸು ತಪ್ಪಿದರೆ, ಮುರಳಿಯ ಪುಸ್ತಕ ಮರೆತರೆ, ಮುರಳಿ ಕೂಗಿದರೆ. ಒಂದು ಸಲ, ಒಂದೇ ಒಂದು ಸಲ ನಿಂತಲ್ಲೇ ನಿಂತರೆ ಏನಾದೀತು. ಮುರಳಿ ಇಳಿಜಾರಿನಲ್ಲಿ ಜಾರಿ ಮೊಣಕಾಲೂರಿ ಬಿದ್ದ. ಕೈಗಳು ಮೊಣಕೈತನಕ ಹಿಮದೊಳಗೆ ಹೋದವು. ವೆಂಕಟೇಶ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದ, ಬಿಸಿ ಹಿತವಾಗಿತ್ತು. ಮುರಳಿ ಎದ್ದು, ಒಂದು ಸಲ ಮನೆಯ ಕಡೆ ತಿರುಗಿದ. ದೀಪವಿದ್ದ ಕಿಟಕಿಯನ್ನು ನೋಡಿದನೇ? ನೋಡಿದ್ದರೂ ಗುರುತು ಹಿಡಿದನೇ? ಮತ್ತೆ ತಿರುಗಿ ನಡೆದ. ಮರಗಳ ಹತ್ತಿರ ಹೋದಂತೆ ಅವನ ಬೂದು ಸ್ವೆಟರು ತೊಗಟೆಯ ಬಣ್ಣಕ್ಕೆ ಸೇರಿತು. ಆಗಲೇ ಹಿಮ ಬೀಳತೊಡಗಿತು, ಸದ್ದಿಲ್ಲದೆ, ದಪ್ಪ ದಪ್ಪ. ಈಗ ಹೋಗುತ್ತೇನೆ ಎಂದುಕೊಂಡ. ಈಗ. ಒಳಗೆಲ್ಲೋ ಬಹಳ ಆಳದಲ್ಲಿ ಯಾರೋ ಗುನುಗುತ್ತಿದ್ದಂತಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತು, ಕೆನೆ ಸುಕ್ಕಾಯಿತು. ಹೆಜ್ಜೆಯ ಗುಳಿಗಳು ಒಂದೊಂದಾಗಿ ತುಂಬಿಕೊಳ್ಳುವುದನ್ನು ಅವನು ನೋಡುತ್ತಿದ್ದ.

"ಮುರಳಿ ಎಲ್ಲಿ?" ನಳಿನಿ ಬಾಗಿಲಲ್ಲಿ ನಿಂತಿದ್ದಳು.

"ಮಲಗಿರಬೇಕು ಅಲ್ಲೇ."

ಆ ಮಾತು ಬಾಯಿಂದ ಬಂದ ಮೇಲೆ, ಅಷ್ಟು ಹೊತ್ತು ಏನೂ ಆಗಿರಲಿಲ್ಲ, ಈಗ ಆಯಿತು ಎಂದು ಅವನಿಗೆ ತಿಳಿಯಿತು. ನಿಂತಿದ್ದಕ್ಕೆ ಹೆಸರಿರಲಿಲ್ಲ, ಸುಳ್ಳಿಗೆ ಹೆಸರಿತ್ತು. ನಳಿನಿ ಹಜಾರಕ್ಕೆ ಹೋದಳು. "ಇಲ್ಲಿಲ್ಲ ರೀ." ಬಚ್ಚಲುಮನೆಯ ಬಾಗಿಲು ತಟ್ಟಿದ ಸದ್ದು, ಮೆಟ್ಟಿಲ ಮೇಲೆ ಓಡಿದ ಸದ್ದು, ಅಮೂಲ್ಯಾಳ ಕೂಗು. ವರಲಕ್ಷ್ಮಿ ಕೆಳಗಿಳಿದು ಬಂದಳು. ಅವಳ ಮುಖದ ಮೇಲೆ ದಿಂಬಿನ ಗುರುತಿರಲಿಲ್ಲ, ಆದರೆ ಆಗ ಅದನ್ನು ಯಾರು ಗಮನಿಸುತ್ತಾರೆ. ಕೋಟುಗಳು, ಬೂಟುಗಳು. ಅಮೂಲ್ಯಾ ನೈನ್ ಒನ್ ಒನ್‌ಗೆ ಫೋನ್ ಮಾಡುತ್ತ ದಾರಿಯ ವಿಳಾಸ ಹೇಳಲು ತಡವರಿಸುತ್ತಿದ್ದಳು. ನಳಿನಿ ರಸ್ತೆಯ ಕಡೆ ಓಡಿದಳು, ಕಳೆದುಹೋದವರು ರಸ್ತೆಗೆ ಹೋಗುತ್ತಾರೆಂದು ಯಾರಿಗಾದರೂ ಅನ್ನಿಸುವಂತೆ. ವೆಂಕಟೇಶ ಕೆರೆಯ ಕಡೆ ಓಡಿದ. ನೆಲದ ಮೇಲೆ ಒಂದು ಗುರುತೂ ಉಳಿದಿರಲಿಲ್ಲ. ಆದರೂ ಗೆರೆ ಎಳೆದಂತೆ ನೇರವಾಗಿ, ಜಾರಿ, ಎದ್ದು, ಮುರಳಿ ಎಲ್ಲಿ ಬಿದ್ದಿದ್ದನೋ ಅಲ್ಲಿಂದ ಬಲಕ್ಕೆ ತಿರುಗಿ, ಆ ಎರಡು ಮರಗಳ ನಡುವೆ ಅವನು ಓಡಿದ.

ಮುರಳಿ ಉರುಳಿದ ಮರದ ಮೇಲೆ ಕೂತಿದ್ದ. ಒಂದು ಕಾಲಿನಲ್ಲಿ ಚಪ್ಪಲಿಯಿರಲಿಲ್ಲ. ರೆಪ್ಪೆಗಳ ಮೇಲೆ ಹಿಮವಿತ್ತು. ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದ ಕೈಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಆ ಕೈಗಳು ಎಷ್ಟು ಜನರ ಎದೆಯ ಮೇಲೆ ಕೂತು ಬಡಿತ ಕೇಳಿದ್ದವೋ. ವೆಂಕಟೇಶ ಏದುಸಿರು ಬಿಡುತ್ತ ಎದುರು ನಿಂತಾಗ ಮುರಳಿ ಅವನನ್ನು ನೋಡಿ, ಬಸ್ ಸ್ಟಾಪಿನ ಬೆಂಚಿನಲ್ಲಿ ಗುರುತಿಲ್ಲದವರಿಗೆ ಮಾಡಿಕೊಡುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನಡುಗುವುದೂ ನಿಂತುಹೋಗಿತ್ತು. ವೆಂಕಟೇಶ ತನ್ನ ಕೋಟು ಬಿಚ್ಚಿ ಹೊದಿಸಿ, ಆ ಕೈಗಳನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದ. ಎರಡು ಕಲ್ಲುಗಳ ತಣ್ಣನೆ. ಕೂಗಿದ, ಕೂಗು ಮರಗಳ ನಡುವೆ ಎಲ್ಲೂ ತಾಗದೆ ಹೋಯಿತು. ಬೆನ್ನಿನ ಮೇಲೆ ಹೊತ್ತು, ಎರಡು ಸಲ ಬಿದ್ದು, ಅಂಗಳ ತಲುಪುವ ಹೊತ್ತಿಗೆ ಅವನು ಅಳುತ್ತಿದ್ದ. ಅದನ್ನು ಕಂಡು ಅಮೂಲ್ಯಾ ಅಪ್ಪನನ್ನು ತಬ್ಬಿಕೊಂಡಳು.

ಕೌಂಟಿ ಪೊಲೀಸಿನವನು ಆಸ್ಪತ್ರೆಯ ತನಕ ಬಂದಿದ್ದ. ದೊಡ್ಡ ಮೈಯ ಯುವಕ. ವೆಂಕಟೇಶನ ಕೈಕುಲುಕಿ, ಇನ್ನು ಸ್ವಲ್ಪ ತಡವಾಗಿದ್ದರೆ ಹೆಣ ಸಿಗುತ್ತಿತ್ತು, ಈ ಹಿಮದಲ್ಲಿ ಆ ಕಡೆಗೇ ಹೋಗಬೇಕೆಂದು ನಿಮಗೆ ಹೊಳೆದದ್ದೇ ದೊಡ್ಡದು, ನಿಮ್ಮಂಥ ಗೆಳೆಯ ಎಲ್ಲರಿಗೂ ಸಿಗಬೇಕು ಎಂದು ಹೇಳಿ ಹೋದ. ನಳಿನಿ ಪಕ್ಕದಲ್ಲಿದ್ದಳು. ಅವನು ಹೋದ ಮೇಲೆ, "ನಿಮಗೆ ಹೇಗೆ ಹೊಳೀತು?" ಎಂದಳು.

"ಅಂದಾಜು."

ಅವಳು ಹೂಂ ಎಂದಳು. ಊಟದ ಹೊತ್ತಿನಲ್ಲಿ ನೋಡಿದ ಹಾಗೆಯೇ ಅವನ ಮುಖ ನೋಡಿದಳು. ಒಂದೇ ದಿನದಲ್ಲಿ ಗಂಡನ ಬಗ್ಗೆ ಇಷ್ಟೆಲ್ಲ ತಿಳಿದುಕೊಳ್ಳುವ ಶಕ್ತಿ ತನಗಿಲ್ಲ ಎಂಬಂತೆ ಕೈಚೀಲವೆತ್ತಿಕೊಂಡು, ಮುರಳಿಯ ಬಟ್ಟೆಬರೆ ತರಲು ಅಮೂಲ್ಯಾಳ ಜೊತೆ ಮನೆಗೆ ಹೊರಟುಹೋದಳು.

ಹೊರಗೆ ಆಗಲೇ ಕತ್ತಲಾಗಿತ್ತು. ಈ ಕಡೆ ಸಂಜೆಯೆಂಬುದೇ ಇರಲಿಲ್ಲ. ಸಣ್ಣ ಊರಿನ ಸಣ್ಣ ಆಸ್ಪತ್ರೆ, ಕಾರಿಡಾರಿನಲ್ಲಿ ಕ್ರಿಸ್‌ಮಸ್ ಮರದ ದೀಪಗಳು ಹತ್ತಿ ಆರುತ್ತಿದ್ದವು. ಪ್ರಾಣಕ್ಕೇನೂ ಭಯವಿಲ್ಲ, ಬೆರಳುಗಳಲ್ಲಿ ಕೆಲವನ್ನು ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದರು. ಇನ್ನು ಮೇಲೆ ತಿನ್ನಿಸುವುದು, ಗುಂಡಿ ಹಾಕುವುದು, ಎಲ್ಲವನ್ನೂ ಬೇರೆಯವರೇ ಮಾಡಬೇಕಾಗುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ವರಲಕ್ಷ್ಮಿ, "ಮಿ" ಎಂದಿದ್ದಳು. ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ವೆಂಕಟೇಶನ ಪಕ್ಕ ಕೂತಿದ್ದಳು. ಹೇಳಿಬಿಡಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು. ಇವಳು ಕಿರುಚಬೇಕು, ಮುಖಕ್ಕೆ ಉಗಿಯಬೇಕು. ಅಷ್ಟಾದರೆ ಮುಂದೆ ಹೇಗಾದರೂ ಬದುಕಬಹುದು.

"ವರಲಕ್ಷ್ಮಿ, ನಾನು ಅಡುಗೆಮನೆಯಿಂದ…"

"ಗೊತ್ತು," ಎಂದಳು ಅವಳು.

ಅವನು ತಿರುಗಿ ನೋಡಿದ. ಅವಳು ಎದುರಿನ ಗೋಡೆಯನ್ನು ನೋಡುತ್ತಿದ್ದಳು.

"ನಂಗೆಲ್ಲಿ ನಿದ್ದೆ. ಮೇಲಿನ ಕಿಟಕಿ ಹತ್ರ ನಿಂತಿದ್ದೆ. ಇವರು ಹೊರಗೆ ಹೋಗಿದ್ದು ಕಾಣಿಸ್ತು. ಕೆಳಗೆ ನೀವು ದೀಪ ಹಾಕಿದ್ರಲ್ಲ, ನಿಮ್ಮ ನೆರಳು ಹಿಮದ ಮೇಲೆ ಬಿದ್ದಿತ್ತು. ಈಗ ಅಲ್ಲಾಡುತ್ತೆ, ಈಗ ಅಲ್ಲಾಡುತ್ತೆ ಅಂತ ನೋಡ್ತಾ ಇದ್ದೆ." ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡಳು. "ಅಲ್ಲಾಡಲಿಲ್ಲ. ಆಗ ಹೆಂಗಾಯ್ತು ಗೊತ್ತಾ, ಸೊಂಟದ ಮೇಲಿದ್ದ ಕೊಡಾನ ಯಾರೋ ಇಳಿಸಿಕೊಂಡ ಹಾಗಾಯ್ತು. ಎರಡು ವರ್ಷ ಆದಮೇಲೆ ಮೊದಲನೇ ಸಲ ನೆಟ್ಟಗೆ ಉಸಿರಾಡ್ದೆ, ವೆಂಕಟೇಶ್."

ಕಾರಿಡಾರಿನ ಕೊನೆಯಲ್ಲಿ ಯಾರೋ ಗಾಲಿಯ ಮಂಚವನ್ನು ತಳ್ಳಿಕೊಂಡು ಹೋದರು.

"ಕಾಯಿಲೆ ಶುರುವಾದಾಗ ಒಂದ್ಸಲ ಅಂದಿದ್ರು ಇವರು. ನಾನು ಪೂರಾ ಹೋಗೋಕೆ ಮುಂಚೆ ನನ್ನ ಬಿಟ್ಟುಬಿಡು ವರೂ, ಹಿಡಿದಿಟ್ಕೋಬೇಡ ಅಂತ. ನಿಮಗೂ ಹೇಳಿರಬೇಕು ಅಂದುಕೊಂಡೆ. ನಿಮ್ಮ ಹತ್ರ ಮುಚ್ಚಿಡ್ತಿದ್ದದ್ದು ಏನಿತ್ತು ಅವರು. ನನ್ನ ಕೈಲಿ ಆಗದೇ ಇದ್ದದ್ದನ್ನ ಅವರ ಮೇಲಿನ ಪ್ರೀತಿಗೆ ನೀವು ಮಾಡ್ತಿದೀರಿ ಅಂದುಕೊಂಡೆ." ಈಗ ಅವಳು ಅವನ ಕಡೆ ತಿರುಗಿದಳು. ಕಣ್ಣುಗಳು ಒಣಗಿದ್ದವು, ಅವುಗಳಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಕೃತಜ್ಞತೆಯಿತ್ತು. ಅದರ ಅಡಿಯಲ್ಲಿ ಪ್ರಶ್ನೆ. "ಅಷ್ಟು ಹೊತ್ತು ನಿಂತವರು, ಆಮೇಲೆ ಯಾಕೆ ಹೋಗಿ ಕರ್ಕೊಂಡು ಬಂದ್ರಿ?"

ವೆಂಕಟೇಶ ಬಾಯಿ ತೆರೆದ. ಮುರಳಿ ತನಗೆ ಹಾಗೇನೂ ಹೇಳಿರಲಿಲ್ಲ. ತಾನು ನಿಂತದ್ದು ಪ್ರೀತಿಗಲ್ಲ, ದಯೆಗಲ್ಲ; ನಳಿನಿ ಬಂದು ಕೇಳದಿದ್ದರೆ ಇನ್ನೂ ನಿಂತಿರುತ್ತಿದ್ದ; ಹೋಗಿ ತಂದದ್ದೂ ಅವನಿಗಾಗಿಯಲ್ಲ. ಇವಳಿಗಾದರೆ ದಣಿವೆಂಬ ಕಾರಣವಾದರೂ ಇತ್ತು. ಇಷ್ಟನ್ನು ಹೇಳಿದರೆ ಇವಳ ಪಾಲಿಗೆ ಉಳಿದಿರುವ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡಂತೆ; ಹೇಳದಿದ್ದರೆ ತನ್ನದಲ್ಲದ ಒಳ್ಳೆಯತನವನ್ನು ಹಾಕಿಕೊಂಡು ಕೊನೆತನಕ ಇವಳೆದುರು ಓಡಾಡಬೇಕು. ತೆರೆದ ಬಾಯನ್ನು ಹಾಗೆಯೇ ಮುಚ್ಚಿದ. ಅವಳು ಉತ್ತರಕ್ಕಾಗಿ ಕಾದು, ಅವನ ಮೌನವನ್ನು ದುಃಖವೆಂದೇ ತಿಳಿದು, ಅವನ ಮುಂಗೈಯನ್ನು ಒಂದು ಕ್ಷಣ ಮುಟ್ಟಿ ಕೈ ತೆಗೆದಳು. ಇಬ್ಬರೂ ಇನ್ನೆಂದೂ ಈ ಮಾತೆತ್ತುವುದಿಲ್ಲವೆಂದು ಆ ಮುಟ್ಟಿದ್ದರಲ್ಲೇ ಗೊತ್ತಾಯಿತು.

ನರ್ಸೊಬ್ಬಳು ಬಾಗಿಲು ತೆರೆದು, ಅವರಿಗೆ ಎಚ್ಚರವಾಗಿದೆ, ಒಬ್ಬರು ಒಳಗೆ ಬರಬಹುದು, ಯಾರು ಬರುತ್ತೀರಿ ಎಂದಳು. ಇಬ್ಬರೂ ಏಳಲಿಲ್ಲ. ನರ್ಸು ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು. ಅವಳ ಮುಖದ ಮುಗುಳ್ನಗೆ ಮೆಲ್ಲಗೆ ಗೊಂದಲಕ್ಕೆ ತಿರುಗಿತು. ವರಲಕ್ಷ್ಮಿ ಕುರ್ಚಿಯ ಕೈ ಹಿಡಿದು ಎದ್ದಳು. ಕೂದಲು ಹಿಂದಕ್ಕೆ ಒತ್ತಿಕೊಂಡಳು, ಸ್ವೆಟರಿನ ಕೊರಳು ಸರಿಮಾಡಿಕೊಂಡಳು, ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ.

"ಏನ್ರೀ, ಚೆನ್ನಾಗಿ ನಿದ್ದೆ ಬಂತಾ?" ಎಂದ ಅವಳ ದನಿ ಕೇಳಿಸಿತು. ಹಿಂದೆಯೇ ಮುರಳಿ ಏನೋ ಗೊಣಗಿದ. "ಬಂದೆನಲ್ಲ, ನಾನೆಲ್ಲಿಗೆ ಹೋಗ್ತೀನಿ. ಇಲ್ಲೇ ಇದ್ದೆ, ಹೊರಗೆ," ಎಂದಳು. ಆ ದನಿ ಅಕ್ಕರೆಯಿಂದ ತುಂಬಿತ್ತು. ಕಾರಿಡಾರಿನಲ್ಲಿ ಕೂತಿದ್ದ ವೆಂಕಟೇಶ ಕಿವಿಗೊಟ್ಟು, ಅದರಲ್ಲಿ ಎಲ್ಲಾದರೂ ಒಂದು ಸಣ್ಣ ಬಿರುಕು ಸಿಕ್ಕೀತೇ ಎಂದು ಹುಡುಕಿದ. ಸಿಗಲಿಲ್ಲ.